ಗುಡ್ಡೆ ಹತ್ತ ಗಾಡಿ ಅಡ್ಡಿಲ್ಲೆ, ಮನೆಯವೆಲ್ಲ ಹತ್ತಲೆ ಆಗ್ತಾ?

ಈ ಸಲ ಅಡಿಗೆ ವಿಷಯ ಅಲ್ಲ, ಹಪ್ಪಳ-ಸಂಡಿಗೆ ವಿಷಯವೂ ಅಲ್ಲ. ಗಾಡಿ ವಿಷಯ. "ಹೆಮ್ಮಕ್ಕಗೆ ಗಾಡಿ ಬಗ್ಗೆ ಎಂತ ಗೊತ್ತಿದ್ದು" ಹೇಳಿ ಮೂಗು ಮುರಿಯವು ಇದ್ರೆ ಮೊದಲು ಪೂರ್ತಿ ಓದಿ, ಕಡಿಗೆ ಜಗಳಕ್ಕೆ ಬನ್ನಿ. ಮೂವತ್ತು ವರ್ಷ ಹಿಂದಿನ ಸೀಟಲ್ಲಿ ಕೂತವಕ್ಕೆ ಗೊತ್ತಿಪ್ಪದು ಸ್ಟೇರಿಂಗ್ ಹಿಡಿದವಕ್ಕೆ ಗೊತ್ತಿರ್ತಿಲ್ಲೆ.

ನಮ್ಮ ಹೊನ್ನಾವರ, ಕುಮಟಾ, ಭಟ್ಕಳ ಕಡೆ ಈಗ ಒಂದು ಹೊಸ ಮಳ್ಳು ಹಿಡದ್ದು. ಯಾರ ಮನೇಲಿ ಗಾಡಿ ಮಾತು ಬಂದ್ರೂ ಸೈ, "ಥಾರ್ ತಗಂಬನ", "ಜಿಮ್ನಿ ತಗಂಬನ", "ಫೋರ್ ಬೈ ಫೋರ್ ಇಲ್ದೇ ಇದ್ರೆ ನಮ್ಮ ಕಡೆ ಆಗ್ತಿಲ್ಲೆ". ಮನೇಲಿ ಜನ ಒಂಬತ್ತು, ಹತ್ತು. ತಪ್ಪ ಗಾಡಿಗೆ ಸೀಟು ನಾಕು. ಇದು ಎಂತ ಲೆಕ್ಕ? ದೊಡ್ಡ ಸಂಸಾರಕ್ಕೆ ಗಾಡಿ ನೋಡಕ್ಕಾರೆ "ಇದು ಯಾವ ಗುಡ್ಡೆ ಹತ್ತುತ್ತು" ಹೇಳ ಪ್ರಶ್ನೆ ಎರಡನೇದು. ಮೊದಲನೇ ಪ್ರಶ್ನೆ "ಇದಕ್ಕೆ ಯಾರ್ಯಾರು ಹತ್ತುತ್ತ" ಹೇಳದು. ಅದಕ್ಕೆ ಉತ್ತರ ಹೇಳಕ್ಕಾದವು ಕಡೇ ಸೀಟಲ್ಲಿ ಕೂಪವು. ಅವರನ್ನ ಯಾರೂ ಕೇಳ್ತ್ವಿಲ್ಲೆ. ಯನ್ನ ತಕರಾರು ಇಷ್ಟೇಯ.

ಯಂಗಳ ಮನೆ ಲೆಕ್ಕ ಮೊದಲು ಹೇಳ್ತಿ. ಅತ್ತೆಗೆ 81 ವರ್ಷ, ಮೊಣಕಾಲು ಎರಡೂ ಹೋಯ್ದು. ಯಂಗ ಇಬ್ರು, ಮೈದುನ ಮತ್ತೆ ಅವನ ಹೆಂಡತಿ, ಮಗ, ಸೊಸೆ, ಮೊಮ್ಮಕ್ಕ ಇಬ್ರು. ಒಟ್ಟು ಒಂಬತ್ತು. ಮೈದುನನ ಮಗಳು ರಜೆಗೆ ಬಂದ್ರೆ ಹತ್ತು. ಮನೆ ಇಪ್ಪದು ಅರೆಅಂಗಡಿಂದ ಒಳಗೆ, ಡಾಂಬರು ರಸ್ತೆ ಬಿಟ್ಟು ಮುಕ್ಕಾಲು ಕಿಲೋಮೀಟರು. ನಡುವೆ ಒಂದು ಹಳ್ಳ, ಹಳ್ಳಕ್ಕೆ ಸಂಕ, ಅದಾದ ಮೇಲೆ ಒಂದು 200 ಅಡಿ ಏರು. ಬೇಸಗೆಲಿ ಕೆಂಪು ಧೂಳು, ಮಳೆಗಾಲಲ್ಲಿ ಹಾವಸೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಹೊಯ್ಯ ಊರು ನಮ್ಮದು, ಹಾಂಗಾಗಿ ಜೂನಿಂದ ಅಕ್ಟೋಬರ್ ತನಕ ಆ ಏರಲ್ಲಿ ದನವೂ ಜಾರ್ತು. ಇಂಥ ಮನೆ ಈ ಮೂರು ತಾಲೂಕಲ್ಲಿ ಸಾವಿರಗಟ್ಲೆ ಇಕ್ಕು. ಅದಕ್ಕೇ ಇದು ಬರೀ ಯಂಗಳ ಮನೆ ಪುರಾಣ ಅಲ್ಲ.

ಹಳೇ ಕಾಲಲ್ಲೂ ನಮ್ಮ ಕಡೆ ಜೀಪೇ ಇತ್ತು, ಅದು ಖರೆ. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸಲೆ ಶುರು ಮಾಡಿದ್ದು. ಆ ಜೀಪು, ಅದರ ತಮ್ಮಂದಿರಾದ ಕಮಾಂಡರ್, ಮಾರ್ಷಲ್ ಎಲ್ಲ ನಮ್ಮ ಘಾಟಿ ರಸ್ತೆಲಿ ದಶಕಗಟ್ಲೆ ಓಡಿದ. ಆದ್ರೆ ಅವು ಎಂತಕ್ಕೆ ಓಡಿದ ಹೇಳಿ ನೆನಪು ಮಾಡ್ಕಳಿ. ಒಂದು ಜೀಪಿಗೆ ಹದಿನೈದು ಜನ, ಮೇಲಿಂದ ಬಾಳೆಗೊನೆ, ತೆಂಗಿನಕಾಯಿ ಚೀಲ. ಬಾಣಂತಿ ಬಂದಿದ್ದು ಅದ್ರಲ್ಲೇ, ದಿಬ್ಬಣ ಹೋದ್ದು ಅದ್ರಲ್ಲೇ, ಆಸ್ಪತ್ರೆಗೆ ಹೊತ್ತಿದ್ದೂ ಅದ್ರಲ್ಲೇ. ಅಷ್ಟು ಜನ ತುಂಬಿದ್ದು ಸರಿ ಹೇಳಿ ಆನು ಹೇಳ್ತಿಲ್ಲೆ, ಜೀವಕ್ಕೆ ಅಪಾಯವೇ ಆಗಿತ್ತು. ಆದ್ರೆ ಜೀಪು ಹೇಳಿರೆ ಊರಿನ ಗಾಡಿ, ಜನ ಸಾಗಿಸ ಗಾಡಿ ಹೇಳ ಅರ್ಥ ಇತ್ತು. ಈಗ ಜೀಪು ಹೇಳಿರೆ ಒಬ್ಬ ಮಾಣಿ, ಒಂದು ಕನ್ನಡಕ, ಒಂದು ಫೋಟೋ.

ಈಗಿನ ಗಾಡಿ ಹೆಸರು ಹಿಡಿದೇ ನೋಡನ. ಮೂರು ಬಾಗಿಲಿನ ಥಾರ್‌ಗೆ ನಾಕು ಸೀಟು. 2024ರಲ್ಲಿ ಬಂದ ಥಾರ್ ರಾಕ್ಸ್‌ಗೆ ಐದು ಸೀಟು. ಮಾರುತಿ ಜಿಮ್ನಿಗೆ ನಾಕು ಸೀಟು. ಗಾಡಿ ಗಟ್ಟಿ ಇಲ್ಲೆ ಹೇಳಿ ಆನು ಹೇಳ್ತಿಲ್ಲೆ. ಗುಡ್ಡೆ ಹತ್ತದ್ರಲ್ಲಿ ಅವಕ್ಕೆ ಸಾಟಿ ಕಮ್ಮಿ. ಇಬ್ರೇ ಇಪ್ಪ ಮನೆಗೆ, ಕಾಡು ಸುತ್ತ ಹವ್ಯಾಸ ಇಪ್ಪವಕ್ಕೆ ಚೊಲೋ ಗಾಡಿ. ಒಂಬತ್ತು ಜನ ಇಪ್ಪ ಮನೆಗೆ ಅದು ಗಾಡಿ ಅಲ್ಲ, ಮಾಣಿಯ ಆಟಿಕೆ. ಆಟಿಕೆಗೆ ಮನೆಯ ಅಡಿಕೆ ದುಡ್ಡು ಹಾಕಕ್ಕಾರೆ ಮನೆಯವರನ್ನೆಲ್ಲ ಕೇಳವು.

ಈಗ ಸಂಗತಿಯ ಬೇರಿಗೆ ಬತ್ತಿ. ಸೀಟು ಕಮ್ಮಿ ಆದ್ರೆ ಮನೇಲಿ ಉಳಿಯದು ಯಾರು? ಗಂಡಸ್ರು ಉಳಿತ್ವಿಲ್ಲೆ, ಅವು ಗಾಡಿ ಹೊಡೆಯವು, ಇಲ್ದೇ ಹೋದ್ರೆ ದುಡ್ಡು ಕೊಟ್ಟವು. ಮಕ್ಕ ಉಳಿತ್ವಿಲ್ಲೆ, ಅತ್ತು ರಂಪ ಮಾಡ್ತ. ಕಡಿಗೆ ಉಳಿಯದು ಅಡಿಗೆ ಮನೆಯದು. "ನೀ ಹ್ಯಾಂಗೂ ಕೊಟ್ಟಿಗೆ ಕೆಲಸ ನೋಡಕ್ಕು ಅಲ್ದಾ" ಹೇಳಿ ಒಂದು ಮಾತು, ಅಷ್ಟೇಯ, ತೀರ್ಮಾನ ಆತು. ಅತ್ತೆಯದು ಇನ್ನೊಂದು ಕತೆ. "ಆಯಿಗೆ ಹತ್ತಲೆ ಆಗ್ತಿಲ್ಲೆ, ಅದು ಮನೇಲೇ ಇರ್ಲಿ." ಇಡಗುಂಜಿ ತೇರಿಗೂ ಇದೇ, ಶಿರಸಿ ಮಾರಿಕಾಂಬಾ ಜಾತ್ರೆಗೂ ಇದೇ. ಎರಡು ವರ್ಷಕ್ಕೊಮ್ಮೆ ಬಪ್ಪ ಜಾತ್ರೆ ಅದು. 81 ವರ್ಷದವಕ್ಕೆ "ಮುಂದಿನ ಸಲ ಹೋದ್ರಾತು" ಹೇಳಲಾಗ್ತಾ? ಸೀಟಿನ ಲೆಕ್ಕ ಹೇಳಿ ನಿಂಗ ಮಾಡದು ಗಾಡಿ ಲೆಕ್ಕ ಅಲ್ಲ. ಮನೇಲಿ ಯಾರು ಜನ, ಯಾರು ಜನ ಅಲ್ಲ ಹೇಳ ಲೆಕ್ಕ.

ಒಂದು ಶೋರೂಮಿಗೆ ಆನೂ ಹೋಗಿದ್ದಿ. ಹೆಸರು ಬೇಡ. ಅಲ್ಲಿ ಟೈ ಕಟ್ಟಿದ ಹುಡುಗ ಮಗನ ಹತ್ರ ಟಾರ್ಕ್ ಹೇಳ್ದ, ಯನ್ನವರ ಹತ್ರ ಸಾಲದ ಕಂತು ಹೇಳ್ದ. ಯನ್ನ ಹತ್ರ "ಮೇಡಂ, ಕಲರ್ ಯಾವುದು ಬೇಕು" ಹೇಳಿ ಕೇಳ್ದ. ಆನು ಮೂರನೇ ಸಾಲಿನ ಸೀಟಿಗೆ ಹತ್ತಿ ಕೂತ್ಕಂಡು ನೋಡ್ತಿ ಹೇಳ್ದಿ. ನಡು ಸೀಟು ಮಡಚಿ, ಸೀರೆ ನೆರಿಗೆ ಎತ್ತಿ, ಬೆನ್ನು ಬಗ್ಗಿಸಿ ಒಳಗೆ ಹೋದ ಮೇಲೆ ಮೊಣಕಾಲು ಗಲ್ಲಕ್ಕೆ ತಾಗ್ತು. ಐವತ್ತರ ಯಂಗೇ ಹಿಂಗಾದ್ರೆ 81ರ ಅತ್ತೆಗೆ ಹ್ಯಾಂಗೆ? "ಅದು ಮಕ್ಕಳಿಗೆ ಸೀಟು ಮೇಡಂ" ಹೇಳ್ದ. ಹಂಗಾದ್ರೆ ಏಳು ಸೀಟು ಹೇಳಿ ಬರದ್ದು ಎಂತಕ್ಕೆ? ಐದು ಸೀಟು, ಮತ್ತೆ ಎರಡು ಮಕ್ಕ ಹೇಳಿ ಬರೆಯಕ್ಕಾಗಿತ್ತು.

ಮಕ್ಕ ಹೇಳಿದ ಕೂಡ್ಲೆ ಇನ್ನೊಂದು ಸಂಗತಿ. ಬೊಲೆರೋ ನಮ್ಮ ಕಡೆ ಎಲ್ಲರಿಗೂ ಪ್ರೀತಿಯ ಗಾಡಿ, ಯಂಗೂ ಪ್ರೀತಿ. 2000ರಿಂದ ಓಡ್ತಾ ಇದ್ದು. ಉದ್ದ ನಾಕು ಮೀಟರಿನ ಒಳಗೆ, ಹಾಂಗಾಗಿ ದರೆ ನಡುವಿನ ತಿರುವಲ್ಲಿ ತಿರುಗ್ತು. ಯಾವ ಹಳ್ಳಿ ಗ್ಯಾರೇಜಲ್ಲೂ ರಿಪೇರಿ ಆಗ್ತು. ಆದ್ರೆ ಅದರ ಕಡೇ ಸಾಲಿನ ಸೀಟು ಅಡ್ಡ ಮುಖದ್ದು, ಎದುರು ಬದುರು. ಗೇರುಸೊಪ್ಪ ಘಾಟಿಲಿ, ದೇವಿಮನೆ ಘಾಟಿಲಿ ಅಡ್ಡ ಕೂತು ಬಂದವಕ್ಕೆ ಕೇಳಿ, ಮೂರನೇ ತಿರುವಿಗೇ ಹೊಟ್ಟೆಲಿದ್ದ ಉದ್ದಿನ ದೋಸೆ ಹೊರಗೆ. ವಾಂತಿ ಸಾಯ್ಲಿ. ಗಾಡಿ ಒಮ್ಮೆಗೇ ನಿಂತ್ರೆ ಅಡ್ಡ ಕೂತ ಮಗು ಎಲ್ಲಿಗೆ ಹೋಗ್ತು? 14 ವರ್ಷದೊಳಗಿನ ಮಕ್ಕಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಬೇಕೇ ಬೇಕು ಹೇಳಿ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಲಿ ಬೈಂದು. ಮನೆ ಮಕ್ಕಳ ಗಾಡಿಯ ಅತಿ ಅಪಾಯದ ಜಾಗಲ್ಲಿ ಕೂರ್ಸಿ, "ಅವು ಸಣ್ಣವು, ಎಲ್ಲಿದ್ರೂ ಆಗ್ತು" ಹೇಳದು ಎಂತ ನ್ಯಾಯ? ಯನ್ನ ಲೆಕ್ಕಲ್ಲಿ ಬೆಲ್ಟ್ ಇಲ್ಲದ್ದ ಸೀಟು ಸೀಟೇ ಅಲ್ಲ. ಅದನ್ನ ಅಕ್ಕಿ ಚೀಲಕ್ಕೆ ಬಿಡಿ.

ಈಗ ಫೋರ್ ಬೈ ಫೋರ್ ಹೇಳ ದೊಡ್ಡ ಮಂತ್ರಕ್ಕೆ ಬಪ್ಪನ. ಪಿಯುಸಿ ಓದಿದವಕ್ಕೆ ತಿಳಿಯಷ್ಟು ತಿಳ್ಕಂಡು ಹೇಳ್ತಿ. ಸಾಮಾನ್ಯ ಗಾಡಿಲಿ ಇಂಜಿನ್ನಿನ ಶಕ್ತಿ ಎರಡು ಚಕ್ರಕ್ಕೆ ಹೋಗ್ತು, ಫೋರ್ ಬೈ ಫೋರಲ್ಲಿ ನಾಕಕ್ಕೂ ಹೋಗ್ತು. ಥಾರ್, ಸ್ಕಾರ್ಪಿಯೋ-ಎನ್ ಇಂಥವರಲ್ಲಿ ಅದನ್ನ ಬೇಕಾದಾಗ ಮಾತ್ರ ಹಾಕದು. ಒಣ ಡಾಂಬರಲ್ಲಿ, ಕಾಂಕ್ರೀಟಲ್ಲಿ ಹಾಕ್ಕಂಡು ಓಡಿಸಲಾಗ, ತಿರುಗಕ್ಕಾರೆ ಮುಂದಿನ ಹಿಂದಿನ ಚಕ್ರ ಜಗ್ಗಾಡಿ ಗೇರಿಗೆ ಪೆಟ್ಟು. ಅಂದ್ರೆ ಕುಮಟೆಗೆ ಹೋಪಕ್ಕಾರೆ, ಭಟ್ಕಳಕ್ಕೆ ಹೋಪಕ್ಕಾರೆ, ಹೆದ್ದಾರಿ 66ರಲ್ಲಿ ಓಡಕ್ಕಾರೆ ಅದೂ ಎರಡೇ ಚಕ್ರದ ಗಾಡಿ. ನಾಕು ಚಕ್ರದ ಶಕ್ತಿ ಬೇಕಾಪದು ಯಂಗಳ ಏರಿನ ಆ 200 ಅಡಿಗೆ, ಅದೂ ಮಳೆಗಾಲದ ಕೆಲವು ದಿನ.

ಮತ್ತೊಂದು ಮುಖ್ಯ ಸಂಗತಿ ಮಾಣ್ಯಕ್ಕ ಹೇಳ್ತ್ವಿಲ್ಲೆ. ಫೋರ್ ಬೈ ಫೋರ್ ಗಾಡಿ ಹೊರಡಲೆ ಸಹಾಯ ಮಾಡ್ತು, ನಿಲ್ಲಲೆ ಅಲ್ಲ. ಬ್ರೇಕು ಎಲ್ಲ ಗಾಡಿಗೂ ನಾಕು ಚಕ್ರಕ್ಕೇ ಇದ್ದು. ಹಾವಸೆ ಮೇಲೆ ಇಳಿಯಕ್ಕಾರೆ ಬ್ರೇಕ್ ಒತ್ತಿದ್ರೆ ಇಪ್ಪತ್ತು ಲಕ್ಷದ ಗಾಡಿಯೂ ಜಾರ್ತು, ಎರಡು ಲಕ್ಷದ ಹಳೇ ಓಮ್ನಿಯೂ ಜಾರ್ತು. ಸಣ್ಣ ಗೇರು ಹಾಕಿದ್ರೆ ಇಂಜಿನ್ನೇ ಹಿಡ್ಕಂಡು ನಿಧಾನ ಇಳಿಸ್ತು, ಅದು ಖರೆ, ಅಷ್ಟು ಪುಣ್ಯ ಅದಕ್ಕೆ ಕೊಡ್ತಿ. ಉಳಿದದ್ದೆಲ್ಲ ಟಯರಿನ ಕೆಲಸ. ಟಯರಿನ ಗೆರೆ 1.6 ಮಿಲಿಮೀಟರಿಗಿಂತ ಸವೆದ್ರೆ ಕಾನೂನಲ್ಲೇ ಆಗ. ನಮ್ಮ ಕಡೆ ಟಯರು ಬೋಳು ತಲೆ ಆಪ ತನಕ ಓಡಿಸಿ, "ಗಾಡಿ ಏರು ಹತ್ತುತ್ತಿಲ್ಲೆ, ಫೋರ್ ಬೈ ಫೋರ್ ತಗಂಬನ" ಹೇಳ್ತ.

ಹಾಂಗಾದ್ರೆ ಎಂಥ ಗಾಡಿನೂ ಅಕ್ಕಾ? ಇಲ್ಲೆ. ಇಲ್ಲಿ ಗಂಡಸ್ರ ಮಾತಲ್ಲಿ ಅರ್ಧ ಸತ್ಯ ಇದ್ದು. ಎರ್ಟಿಗಾ ತರದ ಗಾಡಿ ಒಳಗೆ ಕೂಪಲೆ ರಾಶಿ ಚೊಲೋ, ಮೂರೂ ಸಾಲು ಮುಂದೆ ಮುಖ. ಆದ್ರೆ ಅದಕ್ಕೆ ಶಕ್ತಿ ಹೋಪದು ಮುಂದಿನ ಚಕ್ರಕ್ಕೆ. ಏರಲ್ಲಿ ಗಾಡಿ ಮೂತಿ ಎತ್ತಿದ ಕೂಡ್ಲೆ ಭಾರವೆಲ್ಲ ಹಿಂದೆ ಹೋಗ್ತು, ಅದರ ಮೇಲೆ ಹಿಂದೆ ಜನ ತುಂಬಿದ್ರೆ ಮುಂದಿನ ಚಕ್ರ ಹಗುರ ಆಗಿ ಅಲ್ಲೇ ತಿರುಗ್ತು. ಬೊಲೆರೋ, ಸ್ಕಾರ್ಪಿಯೋ, ಹಳೇ ಇನ್ನೋವಾ, ಕ್ರಿಸ್ಟಾ ಇವಕ್ಕೆ ಹಿಂದಿನ ಚಕ್ರದ ಎಳೆತ. ಹಿಂದೆ ಭಾರ ಬಿದ್ದಷ್ಟೂ ಅವು ನೆಲ ಕಚ್ಚಿ ಹತ್ತುತ್ತ. ದೊಡ್ಡ ಸಂಸಾರ, ಕಡಿದಾದ ಏರು ಎರಡೂ ಇಪ್ಪ ಮನೆಗೆ ಈ ಒಂದು ವ್ಯತ್ಯಾಸ ಗೊತ್ತಿದ್ರೆ ಅರ್ಧ ಪಾಸು. ಹೊಸ ಇನ್ನೋವಾ ಹೈಕ್ರಾಸ್ ಹೆಸರಲ್ಲಿ ಇನ್ನೋವಾ ಆದ್ರೂ ಮುಂದಿನ ಚಕ್ರದ ಗಾಡಿ, ಅದೂ ನೆನಪಿರ್ಲಿ.

ನೆಲಂದ ಎತ್ತರ ಎಷ್ಟು ಹೇಳಿ ಕಂಪನಿಯವು ಪುಸ್ತಕಲ್ಲಿ ಬರೆಯ ಸಂಖ್ಯೆಯನ್ನೂ ಕಣ್ಣು ಮುಚ್ಚಿ ನಂಬಡಿ. ಸಾಮಾನ್ಯವಾಗಿ ಅದು ಖಾಲಿ ಗಾಡಿಯ ಅಳತೆ. ಒಬ್ಬರಿಗೆ 60 ಕಿಲೋ ಹಿಡಿದ್ರೂ ಏಳು ಜನಕ್ಕೆ 420 ಕಿಲೋ. ಮೇಲಿಂದ ಹಲಸಿನಕಾಯಿ, ಕಾಯಿ ಚೀಲ, ಗಂಗಾಳದಷ್ಟು ದೊಡ್ಡ ಡಬ್ಬಿ. ಸ್ಪ್ರಿಂಗು ಕುಸಿದ ಮೇಲೆ ಹೊಟ್ಟೆ ಕಲ್ಲಿಗೆ ತಾಗ್ತು. ಹಾಂಗಾಗಿ ಟೆಸ್ಟ್ ಡ್ರೈವ್ ಹೇಳಿ ಮಗ ಒಬ್ನೇ ಹೆದ್ದಾರಿಲಿ ಒಂದು ಸುತ್ತು ಹೊಡ್ಕಂಡು ಬಪ್ಪದು ಬರೀ ಸುಳ್ಳು ಪರೀಕ್ಷೆ. ಮನೆಯವರ ಪೂರಾ ತುಂಬ್ಸಿ, ಮನೆ ಏರಿಗೆ ತಂದು, ಅರ್ಧ ಏರಲ್ಲಿ ನಿಲ್ಲಿಸಿ ಮತ್ತೆ ಹೊರಡ್ಸಿ ನೋಡಕ್ಕು. ಕೊಡ್ತ್ವಿಲ್ಲೆ ಹೇಳಿದ್ರೆ ಬೇರೆ ಅಂಗಡಿಗೆ ಹೋಪದು. ಹತ್ತು ರೂಪಾಯಿ ಸೌತೆಕಾಯಿಯ ಕಹಿ ನೋಡಿ ತಗಂಬವು, ಹದಿನೈದು ಲಕ್ಷದ್ದ ಹಾಂಗೇ ತಗಳ್ತ್ವಾ?

ದಣಪೆ ಅಗಲವನ್ನೂ ಅಳೀರಿ. ಯಂಗಳ ಮನೆ ಎರಡು ಚಿರೇಕಲ್ಲು ಕಟ್ಟೆ ನಡುವೆ ಸರಿಯಾಗಿ 7 ಅಡಿ, ಅಂದ್ರೆ 2133 ಮಿಲಿಮೀಟರು. ಮೈದುನ ಕನಸು ಕಾಣ ಸ್ಕಾರ್ಪಿಯೋ-ಎನ್ ಅಗಲ 1917, ಕನ್ನಡಿ ಬಿಟ್ಟು. ಎರಡೂ ಬದಿಗೆ ನಾಕು ನಾಕು ಇಂಚು. ಕ್ರಿಸ್ಟಾ 1830, ಬೊಲೆರೋ 1745. ಇದನ್ನ ಆನು ಟೇಪು ಹಿಡಿದು ಅಳೆದು ಬರೆದಿಟ್ಟ ದಿನಂದ ಮನೇಲಿ ಸ್ಕಾರ್ಪಿಯೋ ಮಾತು ಹನಿ ಕಮ್ಮಿ ಆಯ್ದು. ಗಾಡಿಗಾಗಿ ಅಜ್ಜನ ಕಾಲದ ದಣಪೆ ಒಡೆಯನ ಹೇಳ ಮಾತೂ ಬಂತು. ಒಡೀರಿ, ಬೇಡ ಹೇಳವು ಯಾರು. ಆ ಖರ್ಚನ್ನೂ ಗಾಡಿ ಬೆಲೆಗೆ ಸೇರ್ಸಿ ಹೇಳಿ.

ಬೆಲೆ ಹೇಳಕ್ಕಾರೆ ನೆನಪಾತು. ಕರ್ನಾಟಕಲ್ಲಿ 10ರಿಂದ 20 ಲಕ್ಷದ ಒಳಗಿನ ಗಾಡಿಗೆ ಆಜೀವ ತೆರಿಗೆ ನೂರಕ್ಕೆ 17, ಅದರ ಮೇಲೆ ಹೋದ್ರೆ 18. ಫೋರ್ ಬೈ ಫೋರ್ ಮಾದರಿಗೆ ಅದೇ ಗಾಡಿಯ ಎರಡು ಚಕ್ರದ ಮಾದರಿಗಿಂತ ಹೆಚ್ಚು ಕೊಡಕ್ಕಾದ್ದು ಎರಡು ಲಕ್ಷದ ಆಚೆ ಈಚೆ. ತೆರಿಗೆ ಸೇರಿ ಮತ್ತೂ ಮೇಲೆ. ಈ ಎರಡೂವರೆ ಲಕ್ಷ ಆ 200 ಅಡಿ ಏರಿಗೋಸ್ಕರ.

ಈಗ ಯನ್ನ ಲೆಕ್ಕ ಕೇಳಿ. ಆ ಏರಿಗೆ ಎರಡು ಚಕ್ರ ಹೋಪಷ್ಟು ಎರಡು ಪಟ್ಟಿ ಕಾಂಕ್ರೀಟು ಹಾಕನ. ಒಂದೊಂದು ಪಟ್ಟಿ 2 ಅಡಿ ಅಗಲ, 5 ಇಂಚು ದಪ್ಪ, 200 ಅಡಿ ಉದ್ದ. ಎರಡೂ ಸೇರಿ 333 ಘನ ಅಡಿ. ಸಿಮೆಂಟು ಸುಮಾರು 75 ಚೀಲ. ಚೀಲಕ್ಕೆ 400 ಹಿಡಿದ್ರೂ 30,000 ರೂಪಾಯಿ. ಜಲ್ಲಿ, ಮರಳು, ಆಳಿನ ಸಂಬಳ ಎಲ್ಲ ಸೇರಿ ಒಂದೂವರೆ ಲಕ್ಷದ ಒಳಗೆ ಆಗ್ತು ಹೇಳಿ ಮೇಸ್ತ್ರಿ ಹೇಳಿದ್ದ. ಮೇಲ್ಮೈ ನುಣ್ಣಗೆ ಮಾಡದ್ದೇ, ಹಿಡಿ ಕಸಬರಿಗೆಲಿ ಅಡ್ಡ ಗೆರೆ ಎಳೆಯಕ್ಕು. ನೀರು ಪಟ್ಟಿ ಮೇಲೆ ಹರಿಯದ್ದ ಹಾಂಗೆ ಬದಿಗೆ ಕಾಲುವೆ ಮಾಡಕ್ಕು. ವರ್ಷಕ್ಕೆ ಎರಡು ಸಲ ಹಾವಸೆ ಕೆರೆಯಕ್ಕು. ಅಷ್ಟಾದ್ರೆ ಹಿಂದಿನ ಚಕ್ರದ ಯಾವ ಸಾಮಾನ್ಯ ಗಾಡಿಯೂ ಆಷಾಢದ ಮಳೆಲೂ ಹತ್ತುತ್ತು.

ಇದು ಬರೀ ದುಡ್ಡಿನ ಮಾತಲ್ಲ. ಫೋರ್ ಬೈ ಫೋರ್ ತಂದ್ರೆ ಏರು ಹತ್ತದು ನಮ್ಮ ಗಾಡಿ ಒಂದೇಯ. ಕಾಂಕ್ರೀಟು ಹಾಕಿದ್ರೆ ಗ್ಯಾಸಿನ ಗಾಡಿ ಹತ್ತುತ್ತು, ಆಚೆ ಮನೆಯವರ ರಿಕ್ಷಾ ಹತ್ತುತ್ತು, ಗೊಬ್ಬರದ ಪಿಕಪ್ಪು ಹತ್ತುತ್ತು, ಶಾಲೆ ಮಕ್ಕಳ ಸೈಕಲ್ಲು ಹತ್ತುತ್ತು. ಎಲ್ಲಕ್ಕಿಂತ ಮೇಲೆ 108 ಆಂಬುಲೆನ್ಸು ಹತ್ತುತ್ತು. ನಮ್ಮ ಜಿಲ್ಲೆಲಿ ದೊಡ್ಡ ಆಸ್ಪತ್ರೆ ಇಲ್ಲೆ ಹೇಳಿ ಕೂಗಿ ಕೂಗಿ ಗಂಟಲು ಹರಿದು ಹೋತು. ಹೃದಯಕ್ಕೆ ತಲೆಗೆ ಪೆಟ್ಟು ಬಿದ್ರೆ ಹೊನ್ನಾವರಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮೇಲೆ. 2022ರ ಜುಲೈಲಿ ಹೊನ್ನಾವರಂದ ರೋಗಿಯ ಕರ್ಕಂಡು ಹೋಗ್ತಿದ್ದ ಆಂಬುಲೆನ್ಸು ಬೈಂದೂರು ಹತ್ರದ ಶಿರೂರು ಟೋಲಲ್ಲಿ ಒದ್ದೆ ರಸ್ತೆಲಿ ಜಾರಿ ನಾಕು ಜೀವ ಹೋತು, ಯಾರೂ ಮರೆತ್ವಿಲ್ಲೆ. ಅಷ್ಟು ದೂರದ ದಾರಿಗೆ ಹೊರಡ ಮೊದಲು ಮನೆಂದ ಡಾಂಬರು ರಸ್ತೆಗೆ ರೋಗಿಯ ಕುರ್ಚಿಲಿ ಹೊತ್ತು ತಪ್ಪ ಗತಿ ಇನ್ನೂ ಎಷ್ಟು ಮನೇಲಿ ಇದ್ದು, ನಿಂಗಕ್ಕೇ ಗೊತ್ತಿದ್ದು. ಕೊಟ್ಟಿಗೆ ಬದಿಲಿ ನಿಂತ ನಾಕು ಸೀಟಿನ ಜೀಪಲ್ಲಿ ಮಲಗಿದ ಮನುಷ್ಯನ ಸಾಗಿಸಲೆ ಆಗ್ತಿಲ್ಲೆ. ರಸ್ತೆ ಹೇಳದು ಹಂಚ್ಕಂಬ ವಸ್ತು. ಗಾಡಿ ಹಾಂಗಲ್ಲ.

"ದೊಡ್ಡ ಗಾಡಿ ಇದ್ರೆ ಎಂಥ ಮಳೆಲೂ ಎಲ್ಲಿಗೂ ಹೋಪಲಕ್ಕು" ಹೇಳವಕ್ಕೆ ಒಂದೇ ಮಾತು. 2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರಲ್ಲಿ ಗುಡ್ಡೆ ಕುಸಿದಾಗ ಲಾರಿ, ಗ್ಯಾಸ್ ಟ್ಯಾಂಕರು ಸೈತ ಗಂಗಾವಳಿಗೆ ಹೋತು. ಅಂಥ ಮಳೆಲಿ ಬುದ್ಧಿವಂತಿಕೆ ಹೇಳಿರೆ ಗಾಡಿ ಹೊರಗೆ ತೆಗೆಯದ್ದೇ ಇಪ್ಪದು. ಗಾಡಿ ಗಟ್ಟಿ ಇದ್ದು ಹೇಳ ಧೈರ್ಯಲ್ಲೇ ಹಳ್ಳದ ನೀರಿಗೆ ಇಳಿಸ್ತ, ಕಡಲ ಮರಳಿಗೆ ಇಳಿಸ್ತ. ಕಡಿಗೆ ಎಳೆಯಲೆ ಟ್ರಾಕ್ಟರ್ ಬೇಕು, ತಳಕ್ಕೆ ಹೊಕ್ಕ ಉಪ್ಪು ನೀರು ತುಕ್ಕು ತಿಂತು.

ಇನ್ನೊಂದು ವಾದ, "ಎರಡು ಸಣ್ಣ ಗಾಡಿ ತಗಂಬನ, ಒಂದು ಥಾರ್, ಒಂದು ಸಣ್ಣ ಕಾರು". ಎರಡು ಗಾಡಿ, ಎರಡು ವಿಮೆ, ಎರಡು ಸರ್ವೀಸು ಇರ್ಲಿ. ಹೊಡೆಯವು ಯಾರು? ಸೊಸೆಗೆ ಲೈಸೆನ್ಸ್ ಇದ್ದು, ಚೊಲೋ ಹೊಡೆತು. ಆದ್ರೆ "ಆ ದೊಡ್ಡ ಗಾಡಿ ಅದಕ್ಕೆ ಹಿಡಿತ ಸಿಕ್ತಿಲ್ಲೆ" ಹೇಳಿ ಚಾವಿ ಕೊಡ್ತ್ವಿಲ್ಲೆ. ಇದು ತಮಾಷೆ ಅಲ್ಲ. ಮದ್ದಿಲ್ಲದ್ದ ರಾತ್ರಿ, ಗಂಡಸ್ರೆಲ್ಲ ಯಕ್ಷಗಾನಕ್ಕೋ ಮದುವೆ ಮನೆಗೋ ಹೋದ ದಿನ ಅತ್ತೆಗೆ ಉಸಿರು ಸಿಕ್ಕದೇ ಇದ್ರೆ ಗಾಡಿ ಹೊಡೆಯದು ಯಾರು? ಮನೇಲಿ ಒಬ್ಬ ಹೆಂಗಸಾದ್ರೂ ಧೈರ್ಯಲ್ಲಿ ಹೊಡೆಯಲೆ ಆಗದ್ದ ಗಾಡಿ ಮನೆ ಗಾಡಿ ಅಲ್ಲ. ತಗಂಬ ಮೊದಲು ಅದರ ಕೈಲಿ ಏರು ಹತ್ತಿಸಿ ನೋಡಿ, ಕ್ಲಚ್ಚು ಕಾಲಿಗೆ ಎಟುಕ್ತಾ ನೋಡಿ.

ಭಟ್ಕಳದ ಕಡೆ ನೋಡಿ ಕಲಿಯಕ್ಕು. ಗಲ್ಫಿಂದ ಬಪ್ಪವರ ಮಂಗಳೂರು ವಿಮಾನ ನಿಲ್ದಾಣಂದ ಕರ್ಕಂಡು ಬಪ್ಪಲೆ ಅವು ಜನ ಲೆಕ್ಕ, ಪೆಟ್ಟಿಗೆ ಲೆಕ್ಕ ಹಾಕಿ ಗಾಡಿ ಮಾಡ್ತ. ನಮ್ಮ ಹೊನ್ನಾವರ-ಕುಮಟಾ ಟೆಂಪೋದವಕ್ಕೆ ಇಪ್ಪ ಬುದ್ಧಿಯೂ ಅದೇಯ. ಬುಟ್ಟಿ ಹೊತ್ತ ಹಾಲಕ್ಕಿ ಅಜ್ಜಿ ಹತ್ತ ಹಾಂಗೆ ಮೆಟ್ಲು, ಹಿಡ್ಕಂಬಲೆ ಕಂಬಿ. ಯಾವ ಶೋರೂಮಿನ ಗಾಡಿಲೂ ಅತ್ತೆ ಹಿಡ್ಕಂಡು ಹತ್ತ ಹಾಂಗಿನ ಕಂಬಿ ಯಂಗೆ ಕಂಡಿದ್ದಿಲ್ಲೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಲಿ ಹೆಮ್ಮಕ್ಕಗೆ ಬಸ್ಸು ಪುಕ್ಕಟೆ. ಪೇಟೆಗೆ ಒಬ್ಬಳೇ ಹೋಪಲೆ ಯಂಗೆ ಅದೇ ಸಾಕು. ಮನೆಗೆ ಗಾಡಿ ಬೇಕಾದ್ದು ಬಸ್ಸು ಹತ್ತಲೆ ಆಗದ್ದವಕ್ಕೆ. ಅವರನ್ನೇ ಬಿಟ್ಟು ಗಾಡಿ ಆರಿಸಿದ್ರೆ ಎಂತ ಆತು?

ಬರೀ ಬೈದು ಬಿಡ್ತಿಲ್ಲೆ, ಯನ್ನ ಮತವನ್ನೂ ಹೇಳ್ತಿ. ಯನ್ನ ಮತ ಎಂಟು ಸೀಟಿನ ಹಳೇ ಇನ್ನೋವಾಕ್ಕೆ, ಕ್ರಿಸ್ಟಾ ಸಿಕ್ರೆ ಮತ್ತೂ ಚೊಲೋ. ಹಿಂದಿನ ಚಕ್ರದ ಎಳೆತ, ಗಟ್ಟಿ ಚೌಕಟ್ಟು, ಮೂರೂ ಸಾಲು ಮುಂದೆ ಮುಖ. ಉದ್ದ 4.7 ಮೀಟರು, ಸಂಕದ ತಿರುವಲ್ಲಿ ಒಂದು ಸಲ ಹಿಂದೆ ಮುಂದೆ ಮಾಡಕ್ಕಾಗ್ತು, ಮಾಡನ. ಅಷ್ಟೂ ಜಾಗ ಇಲ್ಲದ್ದ ಮನೆಗೆ ಬೊಲೆರೋ ಇರ್ಲಿ, ಆದ್ರೆ ಐದು ಜನಕ್ಕೆ ಹೇಳಿ ಲೆಕ್ಕ ಇಟ್ಕಳಿ. ದುಡ್ಡು ರಾಶಿ ಇದ್ದು, ರಸ್ತೆ ಮಾಡಲೆ ಜಾಗದ ತಕರಾರು, ಹಳ್ಳವೇ ದಾರಿ ಹೇಳ ಮನೆಯವು ಏಳು ಸೀಟಿನ ಐದು ಬಾಗಿಲ ಫೋರ್ಸ್ ಗೂರ್ಖಾ ನೋಡ್ಲಿ, ಸ್ಕಾರ್ಪಿಯೋ-ಎನ್ ಫೋರ್ ಬೈ ಫೋರ್ ನೋಡ್ಲಿ. ಅಂಥವಕ್ಕೆ ಅದು ಆಟಿಕೆ ಅಲ್ಲ, ಅಗತ್ಯ. ಎಲ್ಲರೂ ಸಾಮಾನಿನ ಜೊತೆ ಹೊರಡ ಮದುವೆ, ಉಪನಯನ, ಜಾತ್ರೆ ದಿನಕ್ಕೆ ಟ್ರಾವೆಲರ್ ಬಾಡಿಗೆಗೆ ಮಾಡಿ, ಹಳದಿ ಬೋರ್ಡಿನದ್ದನ್ನೇ ಮಾಡಿ. ವರ್ಷಲ್ಲಿ ನಾಕು ದಿನದ ಬಾಡಿಗೆಗೆ ಹೆದರಿ ಹದಿನೈದು ಲಕ್ಷ ಸಾಲ ಮಾಡದು ಮಳ್ಳು.

ಹಳೇ ಗಾಡಿ ತಗಂಬವು ಇಷ್ಟು ನೋಡಿ. ತಳಕ್ಕೆ ಬಗ್ಗಿ ಚೌಕಟ್ಟಿನ ತುಕ್ಕು ನೋಡಿ, ಕಡಲ ಬದಿ ಗಾಡಿಗೆ ಅದು ಕ್ಷಯ ಇದ್ದ ಹಾಂಗೆ. ಆರ್‌ಸಿಲಿ ಸೀಟು ಎಷ್ಟು ಹೇಳಿ ಬರದ್ದು ಓದಿ. ಖಾಸಗಿ ಗಾಡಿ ನೋಂದಣಿ 15 ವರ್ಷಕ್ಕೆ ಮುಗಿತು, ಇನ್ನೆಷ್ಟು ಉಳಿದ್ದು ಲೆಕ್ಕ ಹಾಕಿ. ಹೆಸರು ಬದಲು ಮಾಡಲೆ 29, 30ನೇ ನಮೂನೆ ಅಲ್ಲೇ ಸಹಿ ಹಾಕಿಸ್ಕಳಿ. ವಿಮೆಯ ಹೆಸರು ಬದಲಿಗೆ 14 ದಿನದೊಳಗೆ ಅರ್ಜಿ ಕೊಡಿ. ಎಲ್ಲ ಸೀಟಿನ ಬೆಲ್ಟನ್ನೂ ಎಳೆದು ನೋಡಿ, ಕಡೇ ಸಾಲಿನದ್ದು ಮೊದಲು.

ಎಂಟು ಸೀಟಿಗೆ ಒಂಬತ್ತು ಜನ, ಆಗ್ಲೂ ಒಬ್ಬರು ಉಳಿಯಕ್ಕು ಅಲ್ದಾ ಹೇಳಿ ಮಗ ಕೇಳ್ದ. ಹೌದು. ದನ ಕರೆಯಲೆ ಹ್ಯಾಂಗೂ ಒಬ್ಬರು ಬೇಕು. ಹಂಗಾದ್ರೆ ಸರದಿ ಮಾಡನ. ಕ್ಯಾಲೆಂಡರಲ್ಲಿ ಬರೆಯನ, ಈ ಸಲ ಆನು, ಮುಂದಿನ ಸಲ ಮೈದುನ, ಅದರ ಮುಂದೆ ನೀನು. ಅತ್ತೆ ಹೆಸರು ಆ ಪಟ್ಟಿಲಿ ಬರೆಯಲಾಗ, ಅದಕ್ಕೆ ಯಾವಾಗ್ಲೂ ಎಡಬದಿಯ ಮುಂದಿನ ಸೀಟು. ಗಾಡಿಗೆ ಮುಂಗಡ ಕೊಡ ಮೊದಲು ಈ ಸರದಿಗೆ ಗಂಡಸ್ರೆಲ್ಲ ಒಪ್ಪಕ್ಕು. ಒಪ್ಪದೇ ಇದ್ರೆ ಗಾಡಿ ಬೇಡ, ಮೊದಲು ಏರಿಗೆ ಕಾಂಕ್ರೀಟು ಹಾಕಿ, ಉಳಿದ ದುಡ್ಡು ಬ್ಯಾಂಕಲ್ಲಿ ಇರ್ಲಿ. ಅಷ್ಟರ ತನಕ ಮೇಸ್ತ್ರಿ ಹತ್ರ ಮಾತಾಡಿ ಇಡ್ತಿ, ಮಳೆ ಬಪ್ಪ ಮೊದಲು ಕೆಲಸ ಆಗಕ್ಕು.